ನೋಡಿ: ನೀರು

ಘಾಳೆಪ್ಪ ಬಂದದ್ದು ಊಟದ ಹೊತ್ತಿಗೆ.
ಡಬ್ಬಿಯ ಮುಚ್ಚಳ ನನ್ನ ಕೈಯಲ್ಲೇ ಇತ್ತು.
"ವಕೀಲ ಬಾಯಿ, ಮ್ಯಾಲಿನ ಹೊಲದವ ಬೋರ್ ಹೊಡಸ್ಯಾನ.
ನಮ್ಮ ಸುರಂಗ ಬಾವಿ ಈಗ ಸಪ್ಪಳ ಮಾಡವಲ್ದು.
ನೆಲದೊಳಗಿನ ನೀರು ಯಾರದ್ರೀ?"

ಒಂಬತ್ತು ವರ್ಷದ ವಕೀಲಿ ನನ್ನದು:
ಚೆಕ್ ಬೌನ್ಸು, ಜೀವನಾಂಶ, ಅಣ್ತಮ್ಮಂದಿರ ಪಾಲು.
ನೀರಿನ ಬಗ್ಗೆ ಗೊತ್ತಿದ್ದದ್ದು
ಮೂರು ದಿನಕ್ಕೊಮ್ಮೆ ನಳ ಬರ್ತದ, ಅಷ್ಟೇ.
"ನಾಳೆ ಬಾ" ಅಂದೆ,
ಬಲ್ಲವಳ ದನಿಯಲ್ಲಿ.

ಬೀದರ್ ಕೋರ್ಟಿನ ಹಿಂದಿನ ಲೈಬ್ರರಿ.
ಕಪಾಟಿನ ಕೀಲಿ ಮಕ್ಸೂದ್ ಚಾಚಾನ ಜೇಬಿನಲ್ಲಿ,
ಎಲೆಯಡಿಕೆಯ ಸಂಗಡ.
ಕಾನೂನಿನ ವಿಶ್ವಕೋಶ ಕೇಳಿದರೆ ನಕ್ಕ:
"ಅದನ್ನ ಯಾರೂ ಓದಲ್ರೀ, ಫೋಟೋದಾಗ ಹಿಂದ ಇರ್ತದ."
ನಿಜ. ಗೋಡೆಯ ಮೇಲಿನ ಪ್ರತಿ ಅಧ್ಯಕ್ಷರ ಬೆನ್ನಿಗೂ
ಆ ಕಂದು ರಟ್ಟು, ಬಂಗಾರದ ಅಂಕಿ.

ಮೊದಲು ಸೂಚಿ.
ಸುರಂಗ ಬಾವಿ: ಇಲ್ಲ. ಇರುವುದಾದರೂ ಹೇಗೆ,
ಮಳೆ ನಿಲ್ಲದ ಊರಲ್ಲಿ ಕೂತು ಬರೆದದ್ದು.
ಬಾವಿ: ನೋಡಿ, ಈಸ್‌ಮೆಂಟ್.
ಈಸ್‌ಮೆಂಟಿಗೆ ಹೋದರೆ: ನೋಡಿ, ನೆರೆಹೊರೆ.
ನೆರೆಹೊರೆಗೆ ಹೋದರೆ: ನೋಡಿ, ಉಪದ್ರವ.
(ಇದೊಂದು ನನಗೆ ಮೊದಲೇ ಗೊತ್ತಿತ್ತು.)
ಉಪದ್ರವದ ಅಡಿಟಿಪ್ಪಣಿ, ಇರುವೆಯಂಥ ಅಕ್ಷರ:
ನೋಡಿ, ನೀರು.

ನೀರು ಇರಬೇಕಾದಲ್ಲಿ ಎರಡು ಬೆರಳು ಖಾಲಿ.
ಚಾಚಾ ತಲೆ ಕೆರೆದುಕೊಂಡು ಮೂಲೆಗೆ ಹೋದ.
ವಾಟರ್ ಫಿಲ್ಟರಿನ ಕುಂಟು ಸ್ಟ್ಯಾಂಡಿಗೆ
ಅದನ್ನೇ ಒತ್ತು ಕೊಟ್ಟಿದ್ದರು, ಯಾವ ಕಾಲದಿಂದಲೋ.
ಹಾಳೆ ಉಬ್ಬಿ ಒಂದಕ್ಕೊಂದು ಅಂಟಿದ್ದವು,
ಉಗುರಿನಿಂದ ಬಿಡಿಸಿದೆ.

ಜಿನುಗಿ ಬರುವ ನೀರನ್ನು ಯಾರು ಎತ್ತಿದರೂ ಅವರದು.
ಗೊತ್ತಾದ ಪಾತ್ರದಲ್ಲಿ ಹರಿದರೆ, ನೆಲದಡಿಯೇ ಆಗಲಿ,
ಕೆಳಗಿನವನಿಗೂ ಹಕ್ಕುಂಟು.
ಎರಡೇ ಮಾತು. ಅದರಡಿ ಹದಿನೇಳು ತೀರ್ಪು,
ಒಂದೂ ನಮ್ಮ ಸೀಮೆಯದಲ್ಲ.
ಇದನ್ನೇ ಓದಿದರೆ ಜಡ್ಜ್ ಸಾಹೇಬರು ಕನ್ನಡಕ ತೆಗೆಯುತ್ತಾರೆ.
ಹದಿನೇಳನ್ನೂ ಬರೆದುಕೊಂಡೆ. ರಾತ್ರಿ
ಒಂದೊಂದನ್ನೇ ಹುಡುಕಿದೆ. ಐದು ಸತ್ತಿದ್ದವು.

ಮರುದಿನ ಕೇಳಿದೆ: "ಒಳಗ ಪಾತ್ರ ಅದ ಅಂತ
ಹೆಂಗ ಗೊತ್ತು ಘಾಳೆಪ್ಪ? ಜಿನುಗೂ ನೀರು ಯಾಕ ಆಗಬಾರ್ದು?"
ನನ್ನನ್ನು ಕೂಸಿನಂತೆ ನೋಡಿದ.
"ಇಪ್ಪತ್ತೊಂದು ಬಾಯಿ ಅವ ಬಾಯಿ, ಸಾಲಿಗೆ.
ಒಂದರಾಗ ಕೂಗ್ರಿ,
ಮುಂದಿನದ್ರಾಗ ಕೇಳಸ್ತದ."

ದಾವೆಯ ಮೂರನೇ ಪ್ಯಾರಾದಲ್ಲಿ ಅದನ್ನೇ ಹಾಕಿದ್ದೇನೆ,
ಸ್ವಲ್ಪ ಕೋಟು ತೊಡಿಸಿ.

ಫಿಲ್ಟರಿನ ಕೆಳಗೆ ಈಗ ‘ಹಡಗು’ ಸಂಪುಟ.
ಬೀದರಿಗೆ ಅದೇನು ಬೇಕ್ರೀ, ಅಂತಾನೆ ಚಾಚಾ.
ನಾನೂ ಹಾಗೇ ಅಂದುಕೊಂಡಿದ್ದೆ,
ನೀರಿನ ಬಗ್ಗೆ.