ಹತ್ತು ನಲವತ್ತರ ಗಾಡಿ

ಚಮಚದಷ್ಟು ಕಲ್ಲಿದ್ದಲು. ಎನಿಡ್ ಚಾರ್ಲ್ಟನ್
ಮಂಡಿಯೂರಿ ಎಂಜಿನ್ನಿನ ಬಾಯಿಗೆ ಉಣಿಸುತ್ತಾಳೆ,
ಹಟಮಾರಿ ಕೂಸಿಗೆ ತುತ್ತಿಡುವ ಹಾಗೆ.
ಮುಳ್ಳು ಎಂಬತ್ತಕ್ಕೇರಿತು. ಸೀಟಿ.

ಹೆಕ್ಸಮ್ಮಿನ ಆಚೆ ಕುರಿ ಮೇಯುವ ಗುಡ್ಡ,
ಮೈಲುದ್ದ ಹಳಿ, ಗೇಣಿಗಿಂತ ಕಿರಿದು.
ಬೋಗಿಗಳ ಮೇಲೆ ಕುದುರೆಸವಾರರಂತೆ
ಮೂವರು ಮಕ್ಕಳು, ಒಬ್ಬ ಪಾದ್ರಿ;
ಅವನ ಮಂಡಿ ಅವನದೇ ಕಿವಿಗೆ ತಾಗುತ್ತಿದೆ.

ಸೇತುವೆ ದಾಟಿದ್ದೇ ಕೈಮರ ಕೆಂಪು.
ಯಾಕೆ, ನೆವಿಲ್?
ಅವನು ತುಟಿಗೆ ಬೆರಳಿಟ್ಟ.

ಬಿಸಿಲಿಗೆ ಕಾದ ಹಳಿಯ ಮೇಲೆ
ಕೆನ್ನೆಯಿಟ್ಟು ಮಲಗಿದೆ ಮೊನ್ನೆ ಹುಟ್ಟಿದ ಮರಿ.
ಪಕ್ಕದಲ್ಲಿ ತಾಯಿ, ಎಂಜಿನ್ನಿಗಿಂತ ಎತ್ತರ,
ಮೆಲುಕು ಹಾಕುತ್ತ,
ಇದು ರೈಲೆಂದು ಇನ್ನೂ ಒಪ್ಪದೆ.

ಬುಸುಗುಟ್ಟೀತೆಂದು ಎನಿಡ್ ಬಾಯ್ಲರಿಗೆ ತಣ್ಣೀರು ಬಿಟ್ಟಳು.
ಮಕ್ಕಳೂ ಉಸಿರೆತ್ತಲಿಲ್ಲ.

ಸಂಜೆ ದಾಖಲೆ ಪುಸ್ತಕದಲ್ಲಿ ನೆವಿಲ್‌ನ ಗುಂಡು ಅಕ್ಷರ:
ಹತ್ತು ನಲವತ್ತರ ಗಾಡಿ ಆರು ನಿಮಿಷ ತಡ.
ಕಾರಣ: ನಿದ್ದೆ.
ಯಾರದೆಂದು ಬರೆದಿಲ್ಲ.