ಒಪ್ಪಿತ ತಪ್ಪು

ಹಳೇ ತರಗುಪೇಟೆಯ ಮೆಣಸಿನಕಾಯಿ ಮಂಡಿಯ ಮೇಲೆ
ಹನ್ನೆರಡು ಮೆಟ್ಟಿಲು ಹತ್ತಿದರೆ ನನ್ನ ಕಚೇರಿ.
ಬಂದವರೆಲ್ಲ ಮೊದಲು ಸೀನುತ್ತಾರೆ,
ಆಮೇಲೆ ಸಂಪಾದನೆ ಹೇಳುತ್ತಾರೆ.

ಮುನಿಚೌಡಪ್ಪ ಸೀನಲಿಲ್ಲ.
ಮೂವತ್ತು ವರ್ಷ ಇದೇ ಬೀದಿಯಲ್ಲಿ ತಕ್ಕಡಿ ರಿಪೇರಿ,
ಮೂಗು ಎಂದೋ ರಾಜಿಯಾಗಿದೆ.
ಮಗಳ ಫೋನಿಗೆ ಬಂದ ನೋಟಿಸನ್ನು
ಪ್ರಿಂಟ್ ತೆಗೆಸಿ, ನಾಲ್ಕು ಮಡಿಕೆ ಮಾಡಿ,
ಎಣ್ಣೆಗೈಯಲ್ಲೇ ಹಿಡಿದು ತಂದಿದ್ದ.

ಬಾಕಿ: ಎಂಬತ್ತು ರೂಪಾಯಿ.

ಪಿಗ್ಮಿ ಖಾತೆಯ ಬಡ್ಡಿ ನಾನ್ನೂರು, ತೋರಿಸಿಲ್ಲ ನೀವು.
ಅದಕ್ಕೆ ಇಪ್ಪತ್ತರಂತೆ ಎಂಬತ್ತು,
ಸೆಸ್ಸು ಮೂರು ರೂಪಾಯಿ ಇಪ್ಪತ್ತು ಪೈಸೆ.
'ಆ ಮೂರು ಇಪ್ಪತ್ತು ಎಲ್ಲೋಯ್ತು?'
ಹತ್ತರ ಲೆಕ್ಕಕ್ಕೆ ಸರಿ ಮಾಡ್ತಾರೆ.
ಐದರ ಕೆಳಗಿದ್ದರೆ ಬಿಡ್ತಾರೆ, ಐದಾದರೆ ಏರಿಸ್ತಾರೆ.
'ಎರಡೂ ಕಡೆ?'
ಎರಡೂ ಕಡೆ.
ತಲೆ ಆಡಿಸಿದ, ಮುದ್ರೆ ಒತ್ತುವ ಇನ್ಸ್‌ಪೆಕ್ಟರನ ಹಾಗೆ.

ಇನ್ನೂ ಕೇಳಿ, ಅಂದೆ. ಇದನ್ನ ಕಟ್ಟೋದೇ ಬೇಡ.
ನೂರರ ಕೆಳಗಿನ ಬಾಕಿಗೆ ಯಾರೂ ಬಾಗಿಲು ತಟ್ಟಲ್ಲ,
ಕೇಳುವ ಖರ್ಚೇ ಕೊಡುವ ದುಡ್ಡಿಗಿಂತ ಹೆಚ್ಚು.
'ಮನ್ನಾನಾ?'
ಮನ್ನಾ ಅಲ್ಲ. ಮುಂದೆಂದಾದರೂ ರೀಫಂಡ್ ಬಂದರೆ
ಅದರಲ್ಲಿ ಮುರ್ಕೋಬಹುದು. ಅಲ್ಲಿವರೆಗೆ
ಇದೆ, ಆದರೆ ಕೇಳಲ್ಲ.
'ಅವರೇ ನನಗೆ ಎಂಬತ್ತು ಕೊಡೋದಿದ್ದಿದ್ರೆ?'
ಅದೂ ಅಷ್ಟೇ. ನೂರರ ಕೆಳಗೆ ಕೊಡಲ್ಲ.

ಆಗ ಕುರ್ಚಿ ಎಳೆದುಕೊಂಡು ಕೂತ.

'ನಮ್ಮಲ್ಲೂ ಐತೆ ಸ್ವಾಮಿ, ಒಪ್ಪಿತ ತಪ್ಪು ಅಂತ.
ಯಾವ ತಕ್ಕಡೀನೂ ದೇವರಲ್ಲ.
ಇಷ್ಟು ಗ್ರಾಂ ಅತ್ತ, ಇಷ್ಟು ಇತ್ತ, ನಡೀತದೆ.
ಆದ್ರೆ ಮುಳ್ಳು ಒಂದ್ಸಲ ಎಡಕ್ಕೆ ವಾಲಿದ್ರೆ
ಇನ್ನೊಂದ್ಸಲ ಬಲಕ್ಕೆ ವಾಲಬೇಕು.
ದಿನಾ ಒಂದೇ ಕಡೆ ವಾಲಿದ್ರೆ
ಅದು ತಪ್ಪಲ್ಲ, ಕಸುಬು.'

ಕೆಳಗೆ ಯಾರೋ ಮೂಟೆ ಒಗೆದರು.
ನೆಲ ನಡುಗಿತು, ಫೈಲುಗಳ ಧೂಳು ಎದ್ದಿತು.

'ಆ ಪಿಗ್ಮಿ ನಾನು ಮರೆತಿದ್ದಲ್ಲ.
ಅಂಗಡಿ ಗಲ್ಲಾದಿಂದ ದಿನಕ್ಕೆ ಮೂವತ್ತು ರೂಪಾಯಿ,
ಪಾಪಣ್ಣ ಟೀಗೆ ಹೋದಾಗ ಕಟ್ಟಿದ್ದು.
ನನ್ನ ತಮ್ಮ. ಅರ್ಧ ಪಾಲು ಅವನದು.
ಪಾಸ್‌ಬುಕ್ಕು ನಿಮಗೆ ಯಾಕೆ ತರಲಿಲ್ಲ ಅಂದ್ರೆ
ಅವತ್ತು ಅವನೂ ಜೊತೆಗಿದ್ದ.'

ನಾನೂರು ರೂಪಾಯಿಯ ಬಡ್ಡಿ
ಸರ್ಕಾರಕ್ಕೆ ಗೊತ್ತಾಗಿದೆ.
ಎದುರು ಸ್ಟೂಲಿನಲ್ಲಿ ಕೂತು
ಅದೇ ಡಬ್ಬಿಯಿಂದ ಮುದ್ದೆ ಉಣ್ಣುವ ತಮ್ಮನಿಗೆ
ಇನ್ನೂ ಇಲ್ಲ.

ಏನು ಹೇಳಲಿ? ಇಂಥದಕ್ಕೆ ನನ್ನಲ್ಲಿ ಫಾರ್ಮಿಲ್ಲ.
ನನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಬಾಕಿಗಳು
ಆರಿಹೋದದ್ದನ್ನು ಕಂಡಿದ್ದೇನೆ.
ವರ್ಷಾನುಗಟ್ಟಲೆ ಕೆಂಪಾಗಿದ್ದ ಸಾಲು
ಒಂದು ಬೆಳಿಗ್ಗೆ, ಯಾರೂ ಕೇಳದೆ, ಯಾರೂ ಕೊಡದೆ,
ಸೊನ್ನೆ.
ಫೋನು ಮಾಡಿ ತಿಳಿಸಿದರೆ
ಒಬ್ಬರೂ ಕುಣಿಯಲಿಲ್ಲ.
'ಹೌದಾ' ಅಂದರು, 'ಯಾವುದು ಅದು?' ಅಂದರು.
ಸಾಲಿಗನೇ ಮರೆತದ್ದನ್ನು ಮನ್ನಾ ಮಾಡುವುದು ಸುಲಭ.

'ಕಟ್ಟಿಬಿಡಿ' ಅಂದ ಮುನಿಚೌಡಪ್ಪ.
ನೂರರ ನೋಟು ಮೇಜಿನ ಮೇಲಿಟ್ಟ.
ಕಟ್ಟಿದೆ. ಚಲನ್ ಬಂತು. ಚಿಲ್ಲರೆ ಇರಲಿಲ್ಲ.
ಇಪ್ಪತ್ತು ತಾನೇ, ನನ್ನ ಫೀಸು ಅಂತ ಇರಲಿ ಬಿಡಿ, ಅಂದೆ.
'ಫೀಸು ಬೇರೆ, ಚಿಲ್ಲರೆ ಬೇರೆ' ಅಂದ.
ಮೆಟ್ಟಿಲಿಳಿದು ಮಂಡಿಯಲ್ಲಿ ಕೇಳಿ,
ಎರಡು ಹತ್ತರ ನೋಟು ತಂದು ಕೊಟ್ಟೆ.
ಮೆಣಸಿನ ಘಾಟು ಹಿಡಿದ ನೋಟು.

'ಚಲನ್ನಿಂದು ಇನ್ನೊಂದು ಕಾಪಿ ತೆಗೀರಿ.'
ಯಾರಿಗೆ ಅಂತ ಕೇಳಲಿಲ್ಲ ನಾನು.

ಕಿಟಕಿಯಿಂದ ನೋಡಿದೆ.
ಎಡಕ್ಕೆ ಹೋದರೆ ಅಂಗಡಿ, ಒಳಗೆ ಪಾಪಣ್ಣ.
ಬಲಕ್ಕೆ ಬಸ್‌ಸ್ಟಾಪು.
ಎರಡು ಕಾಗದ ಹಿಡಿದು, ಮೆಟ್ಟಿಲ ಬುಡದಲ್ಲಿ,
ಅತ್ತ ಇಲ್ಲ, ಇತ್ತ ಇಲ್ಲ,
ಸಣ್ಣಗೆ ಅಲುಗುತ್ತ ನಿಂತಿದ್ದ.

ಅಷ್ಟರಲ್ಲಿ ಬ್ಯಾಡಗಿ ಮೂಟೆಯ ತಳ್ಳುಗಾಡಿ ಬಂತು.
ಇಷ್ಟು ವರ್ಷ ಇಲ್ಲೇ ಕೂತವನು ನಾನು,
ಆದರೂ ಸೀನು ತಡೆಯಲಾಗಲಿಲ್ಲ.
ಒಂದು, ಎರಡು, ಮೂರು.
ಕಣ್ಣೊರೆಸಿಕೊಂಡು ನೋಡಿದರೆ
ಮೆಟ್ಟಿಲ ಬುಡ ಖಾಲಿ.