ಹನ್ನೆರಡು ನಿಮಿಷದ ಬೀದಿ

ಸೆತೂಬಲ್ ಆರೋಗ್ಯ ಕೇಂದ್ರದಲ್ಲಿ
ಇಯೊಲಾಂಡಾ ಎಂಬ ಹುಡುಗಿ ಕೇಳುತ್ತಾಳೆ:
ಸೊನ್ನೆಯಿಂದ ಹತ್ತರೊಳಗೆ
ಇವತ್ತು ನೋವು ಎಷ್ಟು, ಸೆನ್ಯೋರ್ ಅಡೆಲಿನು?

ನಲವತ್ತೊಂದು ವರ್ಷ ಬೀದಿಗೆ ಕಲ್ಲು ಹಾಸಿದವನಿಗೆ
ಬರಿಯ ಅಂಕಿ ಹೊಳೆಯುವುದಿಲ್ಲ.
ನಮ್ಮಲ್ಲಿ ಇದ್ದದ್ದು ಕಲ್ಲಿನ ಅಳತೆ:
ಐದರದು, ಏಳರದು, ಒಂಬತ್ತರದು,
ಗಾಡಿ ಓಡುವಲ್ಲಿಗೆ ಹನ್ನೊಂದರದು.
ಏಳು ಸೆಂಟಿಮೀಟರು, ಎಂದೆ,
ಎಡ ಸೊಂಟದಲ್ಲಿ, ಕಪ್ಪು ಕಲ್ಲು,
ಮೂಲೆ ಇನ್ನೂ ಒಡೆದಿಲ್ಲ.
ಅವಳು ನಗದೆ ಬರೆದುಕೊಂಡಳು.
ಆವತ್ತೇ ಅವಳ ಮೇಲೆ ನಂಬಿಕೆ ಬಂತು.

ಎಕ್ಸ್‌ರೇ ಏನೂ ಹೇಳಿರಲಿಲ್ಲ.
ಬೆಳಕಿಗೆ ಹಿಡಿದು ಡಾಕ್ಟರು
ವಯಸ್ಸಿಗೆ ತಕ್ಕ ಸವೆತ ಎಂದಿದ್ದರು,
ಹಳೆಯ ಮೆಟ್ಟಿಲಿನ ಬಗ್ಗೆ ಹೇಳಿದ ಹಾಗೆ.
ಸವೆದ ಮೆಟ್ಟಿಲು ರಾತ್ರಿ ಮೂರಕ್ಕೆ ಎಬ್ಬಿಸುವುದಿಲ್ಲ,
ಮಗ್ಗುಲು ಬದಲಿಸಲು ಮಂಚದ ಸರಳು ಹಿಡಿಸುವುದಿಲ್ಲ.
ಇದನ್ನು ನಾನು ಹೇಳಲಿಲ್ಲ.
ಮಾತ್ರೆಯ ಚೀಟಿ ಮಡಚಿ ಜೇಬಿಗಿಟ್ಟೆ.

ಫೆಲಿಜ್ಮಿನಾ ನನ್ನ ಮೊಣಕಾಲುಗಳ ನಡುವೆ ದಿಂಬು ಇಡುತ್ತಾಳೆ.
ಮದುವೆಯಾದ ಹೊಸದರಲ್ಲಿ
ನನ್ನನ್ನೂ ಇಷ್ಟು ಬಿಗಿಯಾಗಿ ಹಿಡಿದಿರಲಿಲ್ಲ, ಅನ್ನುತ್ತಾಳೆ.
ಬೆಳಿಗ್ಗೆ ಅಡುಗೆಮನೆಯಲ್ಲಿ ಕೈ ಮಂಡಿ ಊರಿ
ಬೆನ್ನನ್ನು ಬಿಲ್ಲು ಮಾಡಿ ಇಳಿಸುತ್ತೇನೆ, ಹತ್ತು ಸಲ;
ನೆರೆಮನೆಯ ಬೆಕ್ಕು ಕಿಟಕಿಯಲ್ಲಿ ಕೂತು
ಕಾಪಿ ತಿದ್ದುವ ಮೇಷ್ಟರಂತೆ ನೋಡುತ್ತದೆ.

ಮತ್ತೆ ಈ ಗಡಿಯಾರ,
ಮೊಟ್ಟೆ ಬೇಯಿಸುವಾಗ ಇಡುವುದು, ನಿಂಬೆಹಣ್ಣಿನ ಆಕಾರದ್ದು.
ಹನ್ನೆರಡು ನಿಮಿಷ ನಡೆಯಿರಿ, ಎಂದಳು ಇಯೊಲಾಂಡಾ,
ಗಂಟೆ ಹೊಡೆದಾಗ ಕೂತುಕೊಳ್ಳಿ.
ನೋವು ಬಂದಾಗಲ್ಲ, ಗಂಟೆ ಹೊಡೆದಾಗ.
ನೋಯದಿದ್ದರೂ?
ನೋಯದಿದ್ದರೇ ಮುಖ್ಯ.

ಇದು ತಲೆಗೆ ಹತ್ತಲು ಎರಡು ಚಳಿಗಾಲ ಬೇಕಾಯಿತು.
ಕೆಟ್ಟ ದಿನ ನೇರ ಮನುಷ್ಯ,
ಬಂದದ್ದನ್ನು ಬಾಗಿಲಲ್ಲೇ ನಿಂತು ಹೇಳುತ್ತಾನೆ.
ಮೋಸ ಮಾಡುವುದು ಒಳ್ಳೆಯ ದಿನ.
ಕೇಳದಿದ್ದರೂ ಸಾಲ ಕೊಡುತ್ತದೆ:
ಬಂದರಿನವರೆಗೆ ನಡೆ,
ಬೆಲರ್ಮಿನು ಜೊತೆ ಕೂತು ಕರಿದ ಮೀನು ತಿನ್ನು,
ಹೂಕುಂಡ ಎತ್ತು, ಗಂಡಸಾಗು.
ಮರುದಿನದಿಂದ ಮೂರು ದಿನ ಬಡ್ಡಿ ಎಣಿಸುತ್ತದೆ
ಬೆನ್ನಿನ ಒಂದೊಂದೇ ಮಣಿ ಹಿಡಿದು.

ಮೊನ್ನೆ ಗಂಟೆ ಹೊಡೆದದ್ದು ಚೌಕದ ಮೂಲೆಯಲ್ಲಿ,
ನಾನೇ ಹಾಸಿದ ಮೀನಿನ ಎದುರು.
ಬಿಳಿ ನೆಲದಲ್ಲಿ ಕಪ್ಪು ಮೀನು;
ನೀರಿನ ಕೊಳವೆಗೆಂದು ಅಗೆದು
ಬಾಲ ಕಿತ್ತು ಹಾಕಿದ್ದರು.
ತುಂಬುತ್ತಿದ್ದವನು ಅದೆರಿತು, ಕೇಪ್ ವರ್ಡೆಯ ಹುಡುಗ,
ಮಣೆ ಪಕ್ಕಕ್ಕೆ ತಳ್ಳಿ
ಸೊಂಟದಿಂದ ಬಾಗಿ ಹೊಡೆಯುತ್ತಿದ್ದ.
ಆ ಬಾಗು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತು.

ಕೂತು ಮಾಡು, ಎಂದೆ, ಬೆಂಚಿನಿಂದಲೇ.
ಕಲ್ಲನ್ನು ಅಂಗೈಯಲ್ಲಿ ತಿರುಗಿಸು, ಮುಖ ಸಿಗುವವರೆಗೆ.
ಮುಖವಿಲ್ಲದ ಕಲ್ಲಿಲ್ಲ. ಬಲವಂತ ಬೇಡ.
ಅವನು ಸುತ್ತಿಗೆ ಚಾಚಿದ: ತೋರಿಸಿ.

ನಿಂಬೆಹಣ್ಣನ್ನು ಐದು ನಿಮಿಷಕ್ಕೆ ತಿರುಗಿಸಿದೆ.
ಮಣೆಗೆ ಇಳಿಯಲು ಅವನ ಭುಜ ಬೇಕಾಯಿತು,
ಹೇಳಿಕೊಳ್ಳಲು ನಾಚಿಕೆಯಿಲ್ಲ.
ಮೊದಲನೆಯದು ಕೂತಿತು.
ಎರಡನೆಯದರ ಅಂಚು ಕೆತ್ತಿದೆ. ಆ ಸದ್ದು!
ಹನ್ನೊಂದು ವರ್ಷದ ಮೇಲೆ ಕೈಗೆ ಹಸಿವಾಯಿತು.
ಮೂರನೆಯದು ಬಾಲದ ತುದಿಗೆ
ತಾನೇ ದಾರಿ ನೋಡಿಕೊಂಡು ಹೋಯಿತು.
ಎಲ್ಲೂ ನೋವಿಲ್ಲ.
ಒಳ್ಳೆಯ ದಿನ ಕಿವಿಯ ಹತ್ತಿರ ಬಂದು
ಇನ್ನೊಂದು, ಇನ್ನೊಂದೇ, ಅನ್ನುತ್ತಿತ್ತು.

ನಾಲ್ಕನೆಯದು ಅಂಗೈಯಲ್ಲಿತ್ತು,
ಮುಖ ಸಿಕ್ಕಿತ್ತು.
ಜೇಬಿನೊಳಗೆ ನಿಂಬೆಹಣ್ಣು ಕಿರುಚಿತು.

ಕಲ್ಲನ್ನು ಹುಡುಗನ ಕೈಗೆ ಹಾಕಿ ಎದ್ದೆ.
ನಾಳೆ ಐದರದೋ, ಒಂಬತ್ತರದೋ,
ನೋಡೋಣ.